‘ಎಂದಿನಂತೆ’ ಕಳೆಯುವ ದಿನಗಳಲ್ಲಿ ಆನಂದ

ಸಂಜೆಯ ಹೊತ್ತು ಕಡಬದ ಪೇಟೆಯಲ್ಲಿ ಪರಿಚಿತರಿಬ್ಬರು ಎದುರಾಗುತ್ತಾರೆ. “ಏನು ವಿಶೇಷ?” ಎಂದು ಒಬ್ಬರು ಕೇಳುತ್ತಾರೆ. “ವಿಶೇಷ ಏನಿಲ್ಲ, ಎಂದಿನಂತೆ” ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ನಾವೆಲ್ಲರೂ ದಿನಕ್ಕೆ ಎರಡು ಬಾರಿಯಾದರೂ ಆಡುವ ಈ ಮಾತನ್ನು ಒಂದು ಕ್ಷಣ ನಿಂತು ಪರಿಶೀಲಿಸಿದ್ದೇವೆಯೇ?

ಕ್ರಿಸ್ಮಸ್, ಈಸ್ಟರ್, ಸೆಪ್ಟೆಂಬರ್ 8ರ ತೆನೆ ಹಬ್ಬ, ಧರ್ಮಕೇಂದ್ರದ ವಾರ್ಷಿಕ ಹಬ್ಬ, ನೆಂಟರಿಷ್ಟರ ನಾಲ್ಕಾರು ಮದುವೆ – ಇವನ್ನೆಲ್ಲ ಕೂಡಿಸಿದರೂ ವರ್ಷದಲ್ಲಿ ‘ವಿಶೇಷ’ ದಿನಗಳು ಹದಿನೈದೋ ಇಪ್ಪತ್ತೋ ಆಗಬಹುದು. ಉಳಿದ ಸುಮಾರು 345 ದಿನಗಳು ‘ಎಂದಿನಂತೆ’ ಎಂಬ ಖಾತೆಗೆ ಸೇರುತ್ತವೆ. ಮಗ ಗಲ್ಫಿನಿಂದ ರಜೆಯಲ್ಲಿ ಬಂದಾಗ ಸಂತೋಷಪಡೋಣ, ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ನಗೋಣ, ಹೊಸ ಮನೆಯ ಕೆಲಸ ಮುಗಿದ ಮೇಲೆ ನೆಮ್ಮದಿಯಾಗಿರೋಣ ಎಂದು ಆನಂದವನ್ನು ಮುಂದೂಡುತ್ತಾ ಹೋದರೆ, ನಮ್ಮ ಆಯುಷ್ಯದ ಬಹುಪಾಲು ಕೇವಲ ಕಾಯುವುದರಲ್ಲೇ ಕಳೆದುಹೋಗುತ್ತದೆ. ಹಾಗಾದರೆ ನಿತ್ಯದ ಕೆಲಸದಲ್ಲಿ ಆನಂದ ಕಾಣುವುದು ಸಾಧ್ಯವೇ?

ಇದಕ್ಕೆ ಉತ್ತರ ನಮ್ಮ ರಬ್ಬರ್ ತೋಟಗಳಲ್ಲೇ ಇದೆ. ಬಿಸಿಲೇರಿದರೆ ಮರದೊಳಗಿನ ಒತ್ತಡ ಕುಗ್ಗಿ ಹಾಲಿನ ಹರಿವು ಕಡಿಮೆಯಾಗುವುದರಿಂದ ಟ್ಯಾಪಿಂಗ್ ಮಾಡುವವರು ನಸುಕಿನಲ್ಲೇ ತೋಟಕ್ಕಿಳಿಯುತ್ತಾರೆ. ಎಡದಿಂದ ಬಲಕ್ಕೆ ಓರೆಯಾಗಿ ಇಳಿಯುವ ಗೆರೆಯ ಮೇಲೆ ಕತ್ತಿಯಾಡಿಸಿ ತೊಗಟೆಯ ತೆಳುವಾದ ಎಳೆಯೊಂದನ್ನು ತೆಗೆಯಬೇಕು. ಗಾಯ ಮೇಲೆ ಮೇಲಾದರೆ ಹಾಲು ಸಾಲದು. ಒಂದಿಷ್ಟು ಆಳವಾದರೆ ತೊಗಟೆ ಸರಿಯಾಗಿ ಮತ್ತೆ ಬೆಳೆಯದು, ಮರವೇ ಕೆಡುತ್ತದೆ. ಮುನ್ನೂರು ಮರಗಳಿಗೆ ಮುನ್ನೂರು ಬಾರಿ ಇದೇ ಕೆಲಸ. ನೋಡುವವರಿಗೆ ಇದಕ್ಕಿಂತ ಬೇಸರದ ಕಾಯಕ ಇನ್ನೊಂದಿಲ್ಲವೆನಿಸಬಹುದು. ಆದರೆ ಕೈ ಪಳಗಿದವರನ್ನು ಕೇಳಿ ನೋಡಿರಿ: ಯಾವ ಮರ ಉದಾರಿ, ಯಾವುದು ಜಿಪುಣ, ಯಾವುದಕ್ಕೆ ವಿಶ್ರಾಂತಿ ಬೇಕು ಎಂಬುದು ಅವರಿಗೆ ಗೊತ್ತು. ಗೆರೆಗುಂಟ ಇಳಿದ ಹಾಲು ಗೆರಟೆಗೆ ತೊಟ್ಟಿಕ್ಕತೊಡಗಿದಾಗ ಕೆಲಸ ಸರಿಯಾಯಿತೆಂಬ ಉತ್ತರ ಅಲ್ಲೇ ದೊರಕುತ್ತದೆ.

ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ (1934–2021) ತಮ್ಮ ಜೀವಮಾನದ ಬಹುಭಾಗವನ್ನು ಈ ಅನುಭವದ ಅಧ್ಯಯನಕ್ಕೇ ಮೀಸಲಿಟ್ಟರು. ಗುರಿ ಸ್ಪಷ್ಟವಾಗಿದ್ದು, ಮಾಡಿದ್ದರ ಫಲ ಕೂಡಲೇ ತಿಳಿಯುವಂತಿದ್ದು, ಕೆಲಸದ ಕಷ್ಟವು ನಮ್ಮ ನೈಪುಣ್ಯಕ್ಕೆ ಸರಿಸಾಟಿಯಾಗಿದ್ದರೆ ಮನುಷ್ಯನು ಅದರಲ್ಲಿ ತನ್ನನ್ನೇ ಮರೆಯುತ್ತಾನೆ ಎಂಬುದು ಅವರ ನಿರೂಪಣೆಯ ಸಾರ. ಈ ತಲ್ಲೀನತೆ ಸಂಗೀತಗಾರರಿಗೋ ಚದುರಂಗದ ಆಟಗಾರರಿಗೋ ಮಾತ್ರ ಮೀಸಲಲ್ಲ. ಚಾಲಿ ಅಡಿಕೆಯನ್ನು ಸುಲಿದು, ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಕಣ್ಣಳತೆಯಲ್ಲೇ ಬೇರ್ಪಡಿಸುವ ಹಿರಿಯರಿಗೂ, ನೀರುದೋಸೆಯನ್ನು ಹರಿಯದಂತೆ ಎಬ್ಬಿಸುವ ಗೃಹಿಣಿಗೂ ಅದು ಪರಿಚಿತವೇ.

ಇನ್ನೊಂದು ಸಂಗತಿಯೂ ಗಮನಾರ್ಹ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಸಂಶೋಧಕರು 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕವೇ ವಿಚಾರಿಸಿದರು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲಿದೆಯೇ? ಸಂತೋಷವಾಗಿದ್ದೀರಾ? ಶೇಕಡಾ 46.9ರಷ್ಟು ಸಂದರ್ಭಗಳಲ್ಲಿ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ದದ್ದು ಕಂಡುಬಂತು. ಮನಸ್ಸು ಅಲೆದಾಡುವಾಗ ಜನರು ಕಡಿಮೆ ಸಂತೋಷದಲ್ಲಿದ್ದರು. ಮಾಡುತ್ತಿದ್ದ ಕೆಲಸ ಯಾವುದು ಎಂಬುದಕ್ಕಿಂತ, ಮನಸ್ಸು ಎಲ್ಲಿತ್ತು ಎಂಬುದೇ ಅವರ ಸಂತೋಷವನ್ನು ಹೆಚ್ಚು ತಿಳಿಸುತ್ತಿತ್ತು. ಗಂಜಿಯ ತಟ್ಟೆಯ ಪಕ್ಕದಲ್ಲಿ ಮೊಬೈಲನ್ನಿಟ್ಟುಕೊಂಡು ಉಣ್ಣುವ ನಮ್ಮ ಮನೆಗಳಿಗೆ ಇದರಲ್ಲಿ ಪಾಠವಿಲ್ಲವೇ? ಹುರುಳಿ ಚಟ್ನಿಯ ರುಚಿ ಕೆಟ್ಟಿಲ್ಲ; ರುಚಿ ನೋಡುವವನೇ ಅಲ್ಲಿಲ್ಲ.

ಒಂದು ಕಾಲದಲ್ಲಿ ನಮ್ಮ ಮನೆಗಳ ಜಗಲಿಯಲ್ಲಿ ರಾತ್ರಿಯ ಜಪಸರ ಮುಗಿದ ಮೇಲೆ ಅಡಿಕೆ ಸುಲಿಯುವ ಕೆಲಸ ಸಾಗುತ್ತಿತ್ತು. ಅಜ್ಜ ಕಥೆ ಹೇಳುತ್ತಿದ್ದರು, ನೆರೆಯವರು ಬಂದು ಕೂರುತ್ತಿದ್ದರು, ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಉರುಳಾಡಿ ಬೈಗುಳ ತಿನ್ನುತ್ತಿದ್ದರು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಬೀಡಿ ಕಟ್ಟುವ ಕೈಗಳಿಗೆ ರೇಡಿಯೋವೂ ಜೊತೆಯಾಯಿತು. ಇಂದು ಅಡಿಕೆ ಸುಲಿಯಲು ಯಂತ್ರಗಳು ಬಂದಿವೆ. ಅದಕ್ಕಾಗಿ ಮರುಗಬೇಕಾಗಿಲ್ಲ, ಎಷ್ಟೋ ಬೆನ್ನುನೋವುಗಳು ತಪ್ಪಿವೆ. ಆದರೆ ಯಂತ್ರವು ಉಳಿಸಿಕೊಟ್ಟ ಆ ಎರಡು ಗಂಟೆಗಳನ್ನು ನಾವೇನು ಮಾಡಿದೆವು? ಒಬ್ಬೊಬ್ಬರು ಒಂದೊಂದು ಕೋಣೆ ಸೇರಿದೆವು. ಹೋದದ್ದು ದುಡಿಮೆ ಮಾತ್ರವಲ್ಲ, ಅದರೊಡನಿದ್ದ ಸಹವಾಸವೂ ಹೋಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. “ಕೆಲಸದಲ್ಲಿ ಆನಂದ ಕಾಣಿರಿ” ಎಂಬ ಉಪದೇಶ ಕುರ್ಚಿಯಲ್ಲಿ ಕುಳಿತವರಿಗೆ ಸುಲಭ. ನಸುಕಿಗೆ ಮುಂಚೆ ಎದ್ದು ಒಲೆ ಹೊತ್ತಿಸಿ, ದನಕ್ಕೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಮಾಡಿ, ರಾತ್ರಿ ಎಲ್ಲರ ತಟ್ಟೆ ತೊಳೆದು ಕೊನೆಯಲ್ಲಿ ಮಲಗುವ ತಾಯಿಗೆ ಬೇಕಾದದ್ದು ಉಪದೇಶವಲ್ಲ, ಇನ್ನೆರಡು ಕೈಗಳು. ಒಬ್ಬರ ದಣಿವಿನ ಮೇಲೆ ಉಳಿದವರ ನೆಮ್ಮದಿ ನಿಂತಿದ್ದರೆ ಅದು ಮನೆಯ ಆನಂದವೆನಿಸದು. ನಿತ್ಯದ ಕೆಲಸ ಹಗುರವಾಗಬೇಕಾದರೆ ಮೊದಲು ಅದು ಹಂಚಿಕೆಯಾಗಬೇಕು. ಗಂಡುಮಕ್ಕಳು ಅಡುಗೆಮನೆಗೆ ಕಾಲಿಟ್ಟರೆ ಮಾನ ಹೋಗುತ್ತದೆಂದು ಇನ್ನೂ ನಂಬಿರುವ ಮನೆಗಳು ನಮ್ಮಲ್ಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಹಾಗೆಯೇ ಯಾವುದರಲ್ಲೂ ಆಸಕ್ತಿಯಿಲ್ಲದೆ ವಾರಗಟ್ಟಲೆ ಮಂಕಾಗಿರುವವರನ್ನು ‘ಸೋಮಾರಿ’ ಎಂದು ಜರೆಯದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.

ಅಡುಗೆಮನೆಯ ಮಾತು ಬಂದಾಗ ಹದಿನೇಳನೆಯ ಶತಮಾನದ ಬ್ರದರ್ ಲಾರೆನ್ಸರ ನೆನಪಾಗುತ್ತದೆ. ಯುದ್ಧದಲ್ಲಿ ಗಾಯಗೊಂಡಿದ್ದ ಈ ಮಾಜಿ ಸೈನಿಕ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದಾಗ ಅವರ ಪಾಲಿಗೆ ಬಂದದ್ದು ಅಡುಗೆಮನೆ. ಆ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯನ್ನು ಅನುಭವಿಸುವುದನ್ನು ವರ್ಷಗಳ ಅಭ್ಯಾಸದಿಂದ ಕಲಿತರು. 1691ರಲ್ಲಿ ಅವರು ತೀರಿಕೊಂಡ ಬಳಿಕ ಸಂಗ್ರಹವಾದ ಅವರ ಮಾತುಗಳನ್ನು ಜನರು ಇಂದಿಗೂ ಓದುತ್ತಾರೆ. ಇಷ್ಟವಿಲ್ಲದ ಕೆಲಸವೂ ಪ್ರೀತಿಯಿಂದ ಮಾಡಿದಾಗ ಕ್ರಮೇಣ ನಮ್ಮದಾಗುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ನಮ್ಮ ಕಡಬದ ದೇವಾಲಯ ಸಂತ ಜೋಕಿಮರ ಹೆಸರನ್ನು ಹೊತ್ತಿದೆ. ಮಾತೆ ಮರಿಯಳ ತಂದೆಯಾದ ಅವರ ಹೆಸರು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಪರಂಪರೆ ಮಾತ್ರ ಅದನ್ನು ನಮಗೆ ಉಳಿಸಿಕೊಟ್ಟಿದೆ. ಮನೆಯೊಂದನ್ನು ನಡೆಸಿ, ಮಗಳೊಬ್ಬಳನ್ನು ಸಾಕಿದ ತಂದೆಯೆಂದು ಮಾತ್ರ ಅವರನ್ನು ನೆನೆಯುತ್ತೇವೆ. ‘ವಿಶೇಷ ಏನಿಲ್ಲ’ ಎನ್ನುವಂಥ ಬದುಕಿಗೆ ಪವಿತ್ರಸಭೆ ಸಂತ ಪದವಿಯ ಗೌರವವನ್ನು ಸಲ್ಲಿಸಿದೆ. ಅವರ ಹಬ್ಬದ ಆಸುಪಾಸಿನಲ್ಲೇ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನವನ್ನಾಗಿ ಸ್ಥಾಪಿಸಿದರು. ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ಕುಳಿತಿರುವ ನಮ್ಮ ಹಿರಿಯರಿಗೆ ವರ್ಷಕ್ಕೊಂದು ಹೂಗುಚ್ಛಕ್ಕಿಂತಲೂ, ದಿನಕ್ಕೊಂದು ಹೊತ್ತು ಜೊತೆಯಲ್ಲಿ ತರಕಾರಿ ಹೆಚ್ಚುವವರು ಬೇಕು; ದೂರದಲ್ಲಿರುವ ಮಕ್ಕಳಿಂದ “ಇವತ್ತು ಏನು ಅಡುಗೆ ಮಾಡಿದಿರಿ ಅಮ್ಮಾ?” ಎಂಬ ಫೋನಿನ ಮಾತು ಬೇಕು.

ಮಾಡಬೇಕಾದ್ದು ಬೆಟ್ಟದಷ್ಟಿಲ್ಲ. ಈ ವಾರ ರಾತ್ರಿಯ ಊಟದ ಹೊತ್ತಿಗೆ ಮೊಬೈಲುಗಳನ್ನೆಲ್ಲ ಬೇರೊಂದು ಕೋಣೆಯಲ್ಲಿಡೋಣ. ಮನೆಯ ಒಂದು ಕೆಲಸವನ್ನು, ಅದು ಪಾತ್ರೆ ತೊಳೆಯುವುದೇ ಆಗಲಿ, ಅಂಗಳದ ಅಡಿಕೆ ರಾಶಿ ಮಾಡುವುದೇ ಆಗಲಿ, ಎಲ್ಲರೂ ಸೇರಿ ಮಾಡೋಣ. ಪ್ರತಿದಿನ ಒಬ್ಬರೇ ಮಾಡುವ ಕೆಲಸವನ್ನು ಒಂದು ದಿನ ಇನ್ನೊಬ್ಬರು ವಹಿಸಿಕೊಳ್ಳಲಿ. ಅದರ ಭಾರವೂ ಅದರೊಳಗಿನ ಜಾಣ್ಮೆಯೂ ಆಗ ಅರಿವಾಗುತ್ತದೆ. ಸಂಜೆಯ ಪ್ರಾರ್ಥನೆಯ ಕೊನೆಗೆ ಮನೆಯ ಪ್ರತಿಯೊಬ್ಬರೂ ಆ ದಿನ ಕಂಡ ಒಂದು ಒಳ್ಳೆಯ ಸಂಗತಿಯನ್ನು ಹೇಳಲಿ. ಮೊದಲ ದಿನ ಮಕ್ಕಳು ನಕ್ಕಾರು. ನಾಲ್ಕನೆಯ ದಿನ ಅವರೇ ಮೊದಲು ಮಾತನಾಡಿಯಾರು.

ಆ ಬಳಿಕ ಪೇಟೆಯಲ್ಲಿ ಯಾರಾದರೂ “ಏನು ವಿಶೇಷ?” ಎಂದು ಕೇಳಿದರೆ “ಎಂದಿನಂತೆ” ಎಂದೇ ಉತ್ತರಿಸೋಣ. ಆದರೆ ಆ ಮಾತಿನಲ್ಲಿ ಬೇಸರವಿರದು, ಕೃತಜ್ಞತೆಯಿದ್ದೀತು.