ಹಣ ಹಿಡಿಯಲು ಭಾಷೆ ಬೇಡ, ಮದ್ದು ಕೇಳಲು ಇಂಗ್ಲಿಷ್ ಬೇಕೇ?

ನಮ್ಮ ಪ್ರೆಸ್ಸಿನ ಮಷಿನ್‌ಮನ್ ಒಬ್ಬರಿಗೆ ಮೂರು ತಿಂಗಳಿಂದ ಕೈತುಂಬ ತುರಿಕೆ, ರಾತ್ರಿ ಉಬ್ಬಸ. ಇಂಕು, ರೋಲರ್ ತೊಳೆಯುವ ಸೀಮೆಎಣ್ಣೆ, ಕಾಗದದ ಧೂಳು, ಇವುಗಳಲ್ಲಿ ಯಾವುದು ಮೈಗೆ ಒಗ್ಗುತ್ತಿಲ್ಲ? ಕೇಳಲು ಇಎಸ್‌ಐ ಚಿಕಿತ್ಸಾಲಯಕ್ಕೆ ಹೋದರು. ಕೈಗೆ ಚರ್ಮದ ಡಾಕ್ಟರು, ಮೂಗಿಗೆ ಇಎನ್‌ಟಿ, ಉಬ್ಬಸಕ್ಕೆ ಎದೆರೋಗದವರು ಎಂದು ಮೂರು ಚೀಟಿ ಸಿಕ್ಕಿತು. ಮೂರು ದಿನ ಕೆಲಸ ಕೆಟ್ಟಿತು. ಮೂರನ್ನೂ ಕೂಡಿಸಿ ನೋಡುವ ಅಲರ್ಜಿ ವೈದ್ಯರು ಎಲ್ಲಿದ್ದಾರೆ ಎಂದರೆ, "ಲಿಸ್ಟ್ ನೋಡಿಕೊಳ್ಳಿ" ಎಂಬ ಉತ್ತರ. ಲಿಸ್ಟ್ ಇಂಗ್ಲಿಷಿನಲ್ಲಿ! ಅದರಲ್ಲಿ ಆಸ್ಪತ್ರೆಗಳ ಹೆಸರಿದೆ, ಅಲರ್ಜಿ ಎಂಬ ಮಾತೇ ಇಲ್ಲ.

ಇದು ಧರ್ಮದ ಮದ್ದಲ್ಲ ಸ್ವಾಮಿ! 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಸಂಬಳದಿಂದ ಶೇ. 0.75, ಮಾಲೀಕನಿಂದ ಶೇ. 3.25. ಅಂದರೆ 15,000 ರೂಪಾಯಿ ಸಂಬಳಕ್ಕೆ ತಿಂಗಳಿಗೆ 600 ರೂಪಾಯಿ. ಪ್ರತಿ ತಿಂಗಳೂ ಕಟ್ಟುವವರು ನಾವು, ಲೆಕ್ಕ ಬಲ್ಲೆವು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಇದೆಯಲ್ಲ ಎನ್ನಬೇಡಿ. ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಲಗುವವರಿಗೆ. ಅಲರ್ಜಿಯವನು ತಿಂಗಳುಗಟ್ಟಲೆ ಓಡಾಡಿ ತೋರಿಸಿಕೊಳ್ಳುವವನು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯನ್ನು ಖಾಸಗಿಯಲ್ಲಿ ಮಾಡಿಸಿದರೆ ಜೇಬು ಖಾಲಿ.

ಇನ್ನು ಭಾಷೆಯ ಮಾತು. ಅಲರ್ಜಿಯ ಅರ್ಧ ಪತ್ತೆ ರೋಗಿಯ ಬಾಯಲ್ಲೇ ಇದೆ. ಯಾವಾಗ ಶುರುವಾಯಿತು? ಕೆಲಸಕ್ಕೆ ಬಂದ ದಿನ ಜಾಸ್ತಿಯೋ? ರಜೆಯಲ್ಲಿ ಇಳಿಯುತ್ತದೆಯೋ? ಈ ಸೂಕ್ಷ್ಮವನ್ನು ಬಾರದ ಹಿಂದಿಯಲ್ಲಿ ತೊದಲಬೇಕೇ? ಕೇಂದ್ರದ ಕಚೇರಿ, ನಿಗಮಗಳ ನಮೂನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು 1976ರ ರಾಜಭಾಷಾ ನಿಯಮ ಹೇಳುತ್ತದೆ. ಹಣ ಕಟ್ಟುವ ಕನ್ನಡಿಗನ ಭಾಷೆಗೆ ಅಲ್ಲಿ ಜಾಗವಿಲ್ಲ!

ನಾವು ಕೇಳುವುದು ಮೂರೇ. ಯಾವ ರೋಗಕ್ಕೆ ಯಾವ ಆಸ್ಪತ್ರೆ ಎಂಬ ಪಟ್ಟಿ ಪ್ರತಿ ಇಎಸ್‌ಐ ಚಿಕಿತ್ಸಾಲಯದ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಚರ್ಮ, ಮೂಗು, ಎದೆಯ ವೈದ್ಯರು ವಾರಕ್ಕೊಂದು ದಿನ ಒಟ್ಟಿಗೆ ಕೂತು ಅಲರ್ಜಿ ರೋಗಿಗಳನ್ನು ನೋಡಲಿ. ರೋಗಿಯ ಮಾತನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಅಲ್ಲಿರಲಿ.

ಸಣ್ಣ ಕಾರ್ಖಾನೆಗಳ ಮಾಲೀಕರೇ, ಕಾರ್ಮಿಕ ಬಂಧುಗಳೇ, ಈ ಬಾರಿ ಹಣ ಕಟ್ಟುವಾಗ ಜೊತೆಗೊಂದು ಮನವಿಯನ್ನೂ ಕೊಡಿ. ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ!