ಮನಸ್ಸಿನ ಮಾತ್ರೆಗೆ ಮಾತ್ರ ಏಕೆ ಮುಚ್ಚುಮರೆ?

ಸಂಘದ ಹಬ್ಬದೂಟಗಳಲ್ಲಿ ಪಾಯಸ ಬರುವ ಮೊದಲೇ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲರೆದುರಿಗೇ ಜೇಬಿನಿಂದ ಹೊರಬರುತ್ತವೆ. ಯಾರಿಗೂ ಸಂಕೋಚವಿಲ್ಲ. ಖಿನ್ನತೆಯ ಮಾತ್ರೆ ಮಾತ್ರ ಸಾಂಬಾರ ಡಬ್ಬಿಗಳ ಹಿಂದೆ ಅಡಗಿರುತ್ತದೆ. ಮನೆಯವರಿಗೆ ಗೊತ್ತಾದರೆ ಉಪದೇಶ ಸಿದ್ಧ: "ಮನಸ್ಸು ಗಟ್ಟಿ ಮಾಡ್ಕೋ, ಅದೆಲ್ಲ ಚಟ ಆಗ್ಬಿಡುತ್ತೆ."

ಈ ಭೇದಭಾವಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲವೆಂದೇ ವೈದ್ಯರಾದ ನಮ್ಮ ವಾದ. ಹೆದರಿದಾಗ ಎದೆ ಡವಡವ ಎನ್ನುವುದು, ಅಂಗೈ ಬೆವರುವುದು, ಬಿ.ಪಿ. ಏರುವುದು ಎಲ್ಲವೂ ಸಿಂಪಥೆಟಿಕ್ ನರವ್ಯೂಹದ ಕೆಲಸ. ಅದರ ಮುಖ್ಯ ದೂತ ನಾರ್‌ಅಡ್ರಿನಲಿನ್. ಬಿ.ಪಿ.ಗೆ ಕೊಡುವ ಮೆಟೊಪ್ರೊಲಾಲ್ ಈ ದೂತನನ್ನು ಹೃದಯದ ಬಾಗಿಲಲ್ಲಿ ತಡೆಯುತ್ತದೆ. ಖಿನ್ನತೆಯ ಔಷಧಗಳು ಅದೇ ವ್ಯವಸ್ಥೆಯನ್ನು ಮಿದುಳಿನ ಕಡೆಯಿಂದ ಮುಟ್ಟುತ್ತವೆ. ಒಂದು ತುದಿಯ ಮಾತ್ರೆಗೆ ಮರ್ಯಾದೆ, ಇನ್ನೊಂದು ತುದಿಯದಕ್ಕೆ ಅವಮಾನ. ಇದು ಯಾವ ನ್ಯಾಯ?

ಈ ಔಷಧಗಳಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1950ರ ದಶಕದಲ್ಲಿ ಬಂದ ಇಮಿಪ್ರಮಿನ್ ಜಾತಿಯವು ಬಾಯಿ ಒಣಗಿಸುತ್ತವೆ. ಥಟ್ಟನೆ ಎದ್ದು ನಿಂತರೆ ಬಿ.ಪಿ. ಇಳಿಸಿ ತಲೆ ತಿರುಗಿಸುತ್ತವೆ. ವೆನ್ಲಾಫಾಕ್ಸಿನ್ ನಾರ್‌ಅಡ್ರಿನಲಿನನ್ನು ಹೆಚ್ಚಿಸುವುದರಿಂದ, ಡೋಸ್ ಏರಿದಂತೆ ಬಿ.ಪಿ.ಯೂ ಏರಬಹುದು. ಸರ್ಟ್ರಲಿನ್, ಫ್ಲೂಆಕ್ಸೆಟಿನ್ ಮುಂತಾದವು ಮೊದಲ ವಾರಗಳಲ್ಲಿ ತಳಮಳ, ನಡುಕ, ಬೆವರು ತರಬಹುದು. ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕನೆಯ ದಿನವೇ "ಇನ್ನೂ ಜಾಸ್ತಿ ಆಯ್ತು" ಎಂದು ಬಿಸಾಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಆದರೆ ತಡೆಯಲಾರದ ಚಡಪಡಿಕೆ ಅಥವಾ ಸಾಯುವ ಯೋಚನೆ ಬಂದರೆ ಕಾಯಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಅಮೆರಿಕದ ಎಫ್.ಡಿ.ಎ. ಈ ಬಗ್ಗೆ 2004ರಲ್ಲಿ ಮಕ್ಕಳಿಗಾಗಿ, 2007ರಲ್ಲಿ 24 ವರ್ಷದವರೆಗಿನ ತರುಣರಿಗಾಗಿ ಎಚ್ಚರಿಕೆ ಕೊಟ್ಟಿದೆ.

ಮುಚ್ಚುಮರೆಗೆ ತೆರಬೇಕಾದ ಬೆಲೆ ಇನ್ನೂ ದೊಡ್ಡದು. ಮೆಟೊಪ್ರೊಲಾಲನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಫ್ಲೂಆಕ್ಸೆಟಿನ್, ಪೆರಾಕ್ಸೆಟಿನ್ ತಡೆಯುತ್ತವೆ. ಎರಡನ್ನೂ ಒಟ್ಟಿಗೆ ನುಂಗಿದರೆ ಮೆಟೊಪ್ರೊಲಾಲ್ ರಕ್ತದಲ್ಲಿ ಹಲವು ಪಟ್ಟು ಹೆಚ್ಚಿ, ನಾಡಿ ತೀರಾ ನಿಧಾನವಾಗಿ ರೋಗಿ ಕುಸಿದು ಬೀಳಬಹುದು. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಟ್ಟರೆ, ಹೃದಯದ ಡಾಕ್ಟರು ಕಣಿ ಹೇಳುವವರೇ?

ಊರಿಗೆ ಹೊರಟಾಗ, ನೆಂಟರ ಕಣ್ಣಿಗೆ ಬಿದ್ದೀತೆಂದು ಮಾತ್ರೆಯನ್ನು ಇಲ್ಲೇ ಬಿಟ್ಟು ಹೋಗುವವರೂ ಇದ್ದಾರೆ. ಥಟ್ಟನೆ ನಿಲ್ಲಿಸಿದಾಗ ತಲೆಸುತ್ತು, ನಿದ್ರಾಭಂಗ, ತಲೆಯೊಳಗೆ ಕರೆಂಟ್ ಹೊಡೆದ ಅನುಭವ ಬರಬಹುದು. ಅದನ್ನು ವಿಮಾನದ ಆಯಾಸವೆಂದು ಮುಚ್ಚಿಹಾಕುತ್ತಾರೆ. "ನೋಡಿ, ಚಟವೇ!" ಎನ್ನುವವರಿಗೆ ನಮ್ಮ ಉತ್ತರ: ನಿಮ್ಮ ಮೆಟೊಪ್ರೊಲಾಲನ್ನು ಥಟ್ಟನೆ ನಿಲ್ಲಿಸಿದರೂ ನಾಡಿ ಕುದುರೆಯಂತೆ ಓಡುತ್ತದೆ. ಅದನ್ನು ಯಾರೂ ಚಟವೆನ್ನುವುದಿಲ್ಲ. ಎರಡನ್ನೂ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು, ಅಷ್ಟೆ.

ಬಂಧುಗಳೇ, ನುಂಗುವ ಮಾತ್ರೆಗಳೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಪ್ರತಿಯೊಬ್ಬ ವೈದ್ಯರಿಗೂ ತೋರಿಸಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಕೇಳಿಸಿಕೊಂಡವರು ಉಪದೇಶ ಬಿಟ್ಟು, "ಇವತ್ತು ಮಾತ್ರೆ ತಗೊಂಡ್ಯಾ?" ಎಂದು ಕೇಳಿದರೆ ಸಾಕು.