ಆಕಸ್ಮಿಕವೂ ಮಾನವ ಪ್ರಯತ್ನವೂ

ಮಾನವನ ಬಾಳಿನಲ್ಲಿ ಆಕಸ್ಮಿಕದ ಪಾಲೆಷ್ಟು, ಪ್ರಯತ್ನದ ಪಾಲೆಷ್ಟು? ಕವಿಗಳೂ ರಾಜನೀತಿಜ್ಞರೂ ಬಹುಕಾಲದಿಂದ ಚಿಂತಿಸಿದ ಪ್ರಶ್ನೆಯಿದು. ನಮ್ಮ ಬಯಲುಸೀಮೆಯ ರೈತನಿಗಂತೂ ಇದು ನಿತ್ಯದ ಅನುಭವ. ಗೌರಿಬಿದನೂರು, ಚಿಂತಾಮಣಿಗಳ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಬರ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವವನಿಗೂ ಅಂದಿನ ಹರಾಜಿನ ಬೆಲೆ ಮೊದಲೇ ತಿಳಿಯದು. ಹೀಗಿರುವಾಗ ‘ಎಲ್ಲವೂ ಹಣೆಬರಹ’ ಎಂದು ಜನರು ನಿಟ್ಟುಸಿರುಬಿಡುವುದು ಸಹಜವೇ. ಆದರೆ ಆ ಮಾತು ಪೂರ್ಣಸತ್ಯವೇ?

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ನೋಡೋಣ. ತನಗೆ ವಿಷವಿಕ್ಕಬೇಕೆಂಬ ಓಲೆಯನ್ನು ಅರಿಯದೆಯೇ ಹೊತ್ತುತಂದ ಚಂದ್ರಹಾಸನು ಉಪವನದಲ್ಲಿ ನಿದ್ರಿಸುತ್ತಾನೆ. ಮಂತ್ರಿ ದುಷ್ಟಬುದ್ಧಿಯ ಮಗಳಾದ ವಿಷಯೆ ಅದೇ ವೇಳೆಗೆ ಅಲ್ಲಿಗೆ ಬರುತ್ತಾಳೆ. ಇಷ್ಟು ಆಕಸ್ಮಿಕ. ಓಲೆಯನ್ನು ಓದಿ, ‘ವಿಷ’ವೆಂಬುದನ್ನು ‘ವಿಷಯೆ’ಯೆಂದು ತಿದ್ದಿದುದು ಮಾತ್ರ ಅವಳ ಕೈ. ಅವಳಿಗೆ ಓದು ಬಾರದಿದ್ದರೆ ಆ ಅದೃಷ್ಟವೂ ವ್ಯರ್ಥವಾಗುತ್ತಿತ್ತು!

ಹದಿನಾರನೆಯ ಶತಮಾನದ ಇಟಲಿಯ ಮೆಕಿಯವೆಲ್ಲಿ ರಾಜನೀತಿಯನ್ನು ಕುರಿತು ಬರೆಯುತ್ತ ಇದನ್ನೇ ವಿಚಾರಿಸಿದನು. ನಮ್ಮ ಕಾರ್ಯಗಳಲ್ಲಿ ಸುಮಾರು ಅರ್ಧ ಅದೃಷ್ಟದ ವಶ, ಉಳಿದುದು ನಮ್ಮ ವಶ ಎಂಬುದು ಅವನ ಅಭಿಪ್ರಾಯ. ಅದೃಷ್ಟವನ್ನು ಅವನು ಉಕ್ಕಿಹರಿಯುವ ನದಿಗೆ ಹೋಲಿಸಿದನು. ನದಿ ಶಾಂತವಾಗಿರುವಾಗಲೇ ಒಡ್ಡು ಕಟ್ಟಿಕೊಂಡವರು ಪ್ರವಾಹಕ್ಕೆ ಅಂಜಬೇಕಾಗಿಲ್ಲ ಎಂದನು.

ಈ ಹೋಲಿಕೆಯನ್ನು ಕಾರ್ಯರೂಪದಲ್ಲಿ ತೋರಿಸಿದವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. 1908ರಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೀರನ್ನು ತಡೆಯಬೇಕೆಂಬ ಯೋಜನೆಯನ್ನು ಅವರು ರೂಪಿಸಿದರು. ಉಸ್ಮಾನ್ ಸಾಗರವೂ ಹಿಮಾಯತ್ ಸಾಗರವೂ ಹಾಗೆ ಮೂಡಿಬಂದವು. ಕೊಲ್ಲುವ ನೀರೇ ಕುಡಿಯುವ ನೀರಾಯಿತು.

ನಮ್ಮ ಪೂರ್ವಿಕರು ಊರೂರಿಗೆ ಕೆರೆ ಕಟ್ಟಿದುದೂ ಇದೇ ವಿವೇಕದಿಂದ. ಮಳೆ ನಮ್ಮ ಕೈಯಲ್ಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಡುವುದು ನಮ್ಮ ಕೈಯಲ್ಲಿದೆ. ಹೂಳು ತುಂಬಿದ ಕೆರೆಯ ದಂಡೆಯಲ್ಲಿ ನಿಂತು ವಿಧಿಯನ್ನು ಹಳಿದರೆ ಅದು ನಮ್ಮ ಉದಾಸೀನಕ್ಕೆ ಹೊದಿಸಿದ ಮುಸುಕಾದೀತು.

ಯಾರು ಯಾವ ಮನೆಯಲ್ಲಿ ಹುಟ್ಟುವರೆಂಬುದೂ ಆಕಸ್ಮಿಕವೇ. ಬಡವನ ಮಗುವಿಗೂ ಧನಿಕನ ಮಗುವಿಗೂ ಶಾಲೆಯ ಬಾಗಿಲನ್ನು ಸಮನಾಗಿ ತೆರೆದಿಡುವುದು ರಾಜ್ಯದ ಕರ್ತವ್ಯ. ಆಕಸ್ಮಿಕದ ಪೆಟ್ಟು ಒಬ್ಬನ ಮೇಲೆಯೇ ಬೀಳದಂತೆ ಎಲ್ಲರೂ ಹೆಗಲು ಕೊಡುವ ನಾಡೇ ಸುರಾಜ್ಯ.